ದಾಸ್ತೋವ್‌ಸ್ಕಿಯ ಕತೆಯಲ್ಲಿ ಶೀಘ್ರಲಿಪಿಗಾರ್ತಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ರಷ್ಯದ ಕಾದಂಬರಿಕಾರ ಫ್ಯೋದರ್ ದಾಸ್ತೋವ್‌ಸ್ಕಿಯ ಬದುಕನ್ನು ಕುರಿತು ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮರಣದಂಡನೆಯ ಬಾಗಿಲವರೆಗೆ ಹೋಗಿ ಬದುಕಿ ಬಂದದ್ದು, ಸೈಬೀರಿಯಾದ ಸೆರೆವಾಸ, ಮೂರ್ಛೆರೋಗ, ಜೂಜು, ಸಾಲ, ಮಕ್ಕಳ ಸಾವು, ಎಲ್ಲವೂ ಅದರಲ್ಲಿ ಬಂದಿವೆ, ಬರವಣಿಗೆಯೂ ಸೊಗಸಾಗಿದೆ. ಆದರೆ ಇಷ್ಟೆಲ್ಲ ನೋವು ಉಂಡದ್ದರಿಂದಲೇ ಆತ ಮಹಾಲೇಖಕನಾದ, ಸಂಕಟವೇ ಆತನ ಕೈಹಿಡಿದು ಬರೆಸಿತು ಎಂಬ ಲೇಖನದ ತೀರ್ಮಾನವನ್ನು ನಾನು ಒಪ್ಪಲಾರೆ. ಕಾರವಾರ ಮತ್ತು ಶಿರಸಿಯ ನ್ಯಾಯಾಲಯಗಳಲ್ಲಿ ಶೀಘ್ರಲಿಪಿಗಾರನಾಗಿ ದುಡಿದು ನಿವೃತ್ತನಾದವನು ನಾನು. ಇನ್ನೊಬ್ಬರ ಮಾತನ್ನು ಕಾಗದಕ್ಕಿಳಿಸುವುದೇ ಕಸುಬಾಗಿದ್ದವನಿಗೆ, ಅನ್ನಾ ಗ್ರಿಗೋರ್ಯೆವ್ನಾ ಎಂಬ ಹೆಣ್ಣುಮಗಳನ್ನು ‘ಸಹನಾಮಯಿಯಾದ ಎರಡನೆಯ ಪತ್ನಿ’ ಎಂಬ ಮೂರು ಪದಗಳಲ್ಲಿ ಮುಗಿಸಿಬಿಟ್ಟಿದ್ದು ಸರಿಕಾಣಲಿಲ್ಲ. ಆಕೆಯ ಪರವಾಗಿಯೂ, ಕಾದಂಬರಿ ಬರೆಯುವುದೆಂಬ ದುಡಿಮೆಯ ಪರವಾಗಿಯೂ ಕೆಲವು ಮಾತುಗಳನ್ನು ಹೇಳಲು ಅವಕಾಶ ಕೊಡಬೇಕು.

ಮೊದಲಿಗೆ ಸೆರೆವಾಸದ ವಿಷಯ. 1849ರ ಏಪ್ರಿಲ್‌ನಲ್ಲಿ ದಾಸ್ತೋವ್‌ಸ್ಕಿಯ ಬಂಧನವಾಯಿತು. ಪೆತ್ರಾಶೆವ್‌ಸ್ಕಿ ಎಂಬವನ ಮನೆಯಲ್ಲಿ ಸೇರುತ್ತಿದ್ದ ಗೆಳೆಯರ ಮುಂದೆ, ವಿಮರ್ಶಕ ಬೆಲಿನ್‌ಸ್ಕಿಯು ಲೇಖಕ ಗೊಗೊಲ್‌ಗೆ ಬರೆದಿದ್ದ ನಿಷಿದ್ಧ ಪತ್ರವನ್ನು ಓದಿದ್ದು ಆತನ ಮೇಲಿನ ಮುಖ್ಯ ಆರೋಪವಾಗಿತ್ತು. ಎಂಟು ತಿಂಗಳು ಕೋಟೆಯಲ್ಲಿ ಕೂಡಿಹಾಕಿ, ಡಿಸೆಂಬರ್ 22ರ ಬೆಳಿಗ್ಗೆ ಪೀಟರ್ಸ್‌ಬರ್ಗ್‌ನ ಸೆಮ್ಯೊನೊವ್ ಮೈದಾನದಲ್ಲಿ ನಿಲ್ಲಿಸಿ ಮರಣದಂಡನೆಯನ್ನು ಓದಿ ಹೇಳಿದರು (ಇಲ್ಲಿ ಕೊಟ್ಟಿರುವ ತಾರೀಕುಗಳು ಅಂದಿನ ರಷ್ಯದ ಹಳೆಯ ಪಂಚಾಂಗದವು). ಮೊದಲ ಮೂವರನ್ನು ಕಂಬಕ್ಕೆ ಕಟ್ಟಿ ಸೈನಿಕರು ಬಂದೂಕು ಎತ್ತಿ ಹಿಡಿದಿದ್ದರು. ದಾಸ್ತೋವ್‌ಸ್ಕಿ ಮುಂದಿನ ಮೂವರಲ್ಲಿದ್ದ. ಆಗ ಪ್ರಾಣ ಉಳಿಸಿ ಶಿಕ್ಷೆಯನ್ನು ಸೆರೆವಾಸಕ್ಕೆ ಇಳಿಸುವ ಚಕ್ರವರ್ತಿಯ ಆಜ್ಞೆ ಬಂತು. ಅದು ಮೊದಲೇ ಬರೆದಿಟ್ಟಿದ್ದ ಆಜ್ಞೆ, ಇಡೀ ನಾಟಕ ಒಂದನೆಯ ನಿಕೊಲಾಯ್‌ನ ಅಪ್ಪಣೆಯಂತೆಯೇ ನಡೆದಿತ್ತು. ಕಂಬಕ್ಕೆ ಕಟ್ಟಿದ್ದ ಮೂವರಲ್ಲಿ ಗ್ರಿಗೋರ್ಯೆವ್ ಎಂಬವನಿಗೆ ಬುದ್ಧಿಭ್ರಮಣೆಯಾಯಿತು. ತಮ್ಮ ಲೇಖಕರು ಈ ಗ್ರಿಗೋರ್ಯೆವ್‌ನನ್ನು ನೆನೆಯಬೇಕಿತ್ತು. ಸಂಕಟವೇ ಸಾಹಿತ್ಯವನ್ನು ಹೆರುವುದಾದರೆ ಅವನಿಗಾದ ಸಂಕಟ ದಾಸ್ತೋವ್‌ಸ್ಕಿಯದಕ್ಕಿಂತ ಒಂದು ತೂಕ ಹೆಚ್ಚೇ; ಆದರೆ ಅವನು ಒಂದು ಪುಟವನ್ನೂ ಬರೆಯುವ ಸ್ಥಿತಿಯಲ್ಲಿ ಉಳಿಯಲಿಲ್ಲ.

ದಾಸ್ತೋವ್‌ಸ್ಕಿಯ ಪಾಲಿಗಾದರೂ ಆ ನಂತರದ ಹತ್ತು ವರ್ಷಗಳು ಏನನ್ನು ಕೊಟ್ಟವು? ಸೈಬೀರಿಯಾದ ಓಮ್‌ಸ್ಕ್‌ನ ಸೆರೆಮನೆಯಲ್ಲಿ ಕಾಲಿಗೆ ಬೇಡಿ ಹಾಕಿಸಿಕೊಂಡು ನಾಲ್ಕು ವರ್ಷ, ಬಳಿಕ ಸೆಮಿಪಲಾಟಿನ್ಸ್ಕ್‌ನಲ್ಲಿ ಕಡ್ಡಾಯ ಸೈನಿಕ ಸೇವೆ. ಪೀಟರ್ಸ್‌ಬರ್ಗ್‌ಗೆ ಮರಳಿದ್ದು 1859ರ ಕೊನೆಗೆ. ಆ ಅವಧಿಯಲ್ಲಿ ಆತ ಮುಗಿಸಿದ್ದು ಎರಡು ಹಗುರ ಹಾಸ್ಯದ ಕಿರುಕಾದಂಬರಿಗಳನ್ನು. ಅವುಗಳನ್ನು ಆತನ ದೊಡ್ಡ ಕೃತಿಗಳ ಸಾಲಿನಲ್ಲಿ ಯಾರೂ ನಿಲ್ಲಿಸುವುದಿಲ್ಲ. ನೋವು ಆತನಿಂದ ಏನನ್ನೂ ಬರೆಸಲಿಲ್ಲ, ಮೂವತ್ತರ ಹರೆಯದ ಬರೆಯುವ ವರ್ಷಗಳನ್ನು ನುಂಗಿಹಾಕಿತು. ಅಲ್ಲಿಂದ ಆತ ಹೊತ್ತು ತಂದದ್ದು ಒಂದು ಚಿಕ್ಕ ಟಿಪ್ಪಣಿ ಪುಸ್ತಕ. ಸೆರೆಮನೆಯ ಆಸ್ಪತ್ರೆಗೆ ಸೇರಿದಾಗಲೆಲ್ಲ, ಕನಿಕರವುಳ್ಳ ವೈದ್ಯರ ನೆರಳಿನಲ್ಲಿ, ಕೈದಿಗಳ ಬೈಗುಳ, ಗಾದೆ, ತಮಾಷೆಯ ಮಾತು, ಜಗಳದ ತುಣುಕುಗಳನ್ನು ಆತ ಅದರಲ್ಲಿ ಕ್ರಮಸಂಖ್ಯೆ ಹಾಕಿ ಗುರುತು ಮಾಡಿಕೊಂಡಿದ್ದ. 1860ರಿಂದ 62ರವರೆಗೆ ಪ್ರಕಟವಾದ ಸೆರೆಮನೆಯ ಕಥನಕ್ಕೆ ಈ ಪುಸ್ತಕವೇ ಬಂಡವಾಳ. ಬೇಡಿ ತೊಟ್ಟ ಕಾಲುಗಳು ಓಮ್‌ಸ್ಕ್‌ನಲ್ಲಿ ನೂರಾರಿದ್ದವು, ಅಕ್ಕಪಕ್ಕದವರ ಮಾತನ್ನು ಅಂಕಿ ಹಾಕಿ ಬರೆದಿಟ್ಟುಕೊಂಡವನು ಒಬ್ಬನಿದ್ದ.

ಇನ್ನು ಸಾಲದ ಕತೆ. 1864ರ ವಸಂತದಲ್ಲಿ ಮೊದಲ ಹೆಂಡತಿ ಮಾರಿಯಾ, ಅದೇ ಬೇಸಿಗೆಯಲ್ಲಿ ಅಣ್ಣ ಮಿಖಾಯಿಲ್ ತೀರಿಕೊಂಡರು. ಅಣ್ಣ ನಡೆಸುತ್ತಿದ್ದ ಮಾಸಪತ್ರಿಕೆಯ ಸಾಲವನ್ನೂ, ಅಣ್ಣನ ಸಂಸಾರದ ಹೊಣೆಯನ್ನೂ ದಾಸ್ತೋವ್‌ಸ್ಕಿ ತನ್ನ ತಲೆಗೆ ಕಟ್ಟಿಕೊಂಡ. ಮರುವರ್ಷ ಸ್ಟೆಲ್ಲೊವ್‌ಸ್ಕಿ ಎಂಬ ಪ್ರಕಾಶಕನ ಜೊತೆ 3000 ರೂಬಲ್‌ಗೆ ಕರಾರಾಯಿತು. ಆ ಕರಾರಿನ ಷರತ್ತನ್ನು ವಕೀಲರು ಗಮನವಿಟ್ಟು ಓದಬೇಕು. 1866ರ ನವೆಂಬರ್ 1ರ ಒಳಗೆ ಒಂದು ಹೊಸ ಕಾದಂಬರಿಯನ್ನು ಕೊಡದಿದ್ದರೆ, ಮುಂದಿನ ಒಂಬತ್ತು ವರ್ಷ ದಾಸ್ತೋವ್‌ಸ್ಕಿ ಬರೆಯುವುದೆಲ್ಲವನ್ನೂ ಬಿಡಿಗಾಸು ಕೊಡದೆ ಅಚ್ಚುಹಾಕುವ ಹಕ್ಕು ಪ್ರಕಾಶಕನಿಗೆ ಸೇರುತ್ತಿತ್ತು. ಬಂದ ಹಣದ ಬಹುಪಾಲು ಸಾಲ ಕೊಟ್ಟವರ ಕೈಸೇರಿತು, ಉಳಿದದ್ದು ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ರೂಲೆಟ್ ಜೂಜಿನ ಮೇಜಿನ ಮೇಲೆ ಹೋಯಿತು. 1866ರಲ್ಲಿ ‘ಅಪರಾಧ ಮತ್ತು ಶಿಕ್ಷೆ’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದುದರಿಂದ ಆತನ ಹೊತ್ತೆಲ್ಲ ಅದಕ್ಕೇ ಸರಿಹೋಗಿ, ಅಕ್ಟೋಬರ್ ಮೊದಲ ವಾರ ಬಂದರೂ ಸ್ಟೆಲ್ಲೊವ್‌ಸ್ಕಿಯ ಕಾದಂಬರಿಯ ಒಂದು ಸಾಲೂ ಕಾಗದದ ಮೇಲಿರಲಿಲ್ಲ. ತಲೆಗೊಂದು ಭಾಗದಂತೆ ಹಂಚಿಕೊಂಡು ಬರೆದುಕೊಡುತ್ತೇವೆಂದು ಗೆಳೆಯರು ಮುಂದೆ ಬಂದರೂ, ಇನ್ನೊಬ್ಬರ ಬರಹಕ್ಕೆ ತನ್ನ ಹೆಸರು ಹಾಕುವುದಿಲ್ಲವೆಂದು ಆತ ಒಪ್ಪಲಿಲ್ಲ. ಕೊನೆಗೆ ಒಬ್ಬ ಗೆಳೆಯ ಶೀಘ್ರಲಿಪಿಯ ಉಪಾಯ ಹೇಳಿದ. ಓಲ್ಖಿನ್ ಎಂಬ ಶೀಘ್ರಲಿಪಿ ಶಿಕ್ಷಕರು ತಮ್ಮ ಅತ್ಯುತ್ತಮ ವಿದ್ಯಾರ್ಥಿನಿಯನ್ನು ಕಳಿಸಿಕೊಟ್ಟರು. ಇಡೀ ಕೆಲಸಕ್ಕೆ 50 ರೂಬಲ್ ಸಂಬಳ.

ಅಕ್ಟೋಬರ್ 4ರಂದು ಇಪ್ಪತ್ತು ವರ್ಷದ ಅನ್ನಾ ಹೊಸ ಪೆನ್ಸಿಲ್‌ಗಳನ್ನೂ ಕಾಗದ ಇಟ್ಟುಕೊಳ್ಳುವ ಚೀಲವನ್ನೂ ಕೊಂಡುಕೊಂಡು ಆತನ ಮನೆಗೆ ಹೋದಳು. ಮಾಸಪತ್ರಿಕೆಯೊಂದನ್ನು ತೆರೆದು ಆತ ಬಿರುಸಾಗಿ ಓದತೊಡಗಿದಾಗ, ಸಾಮಾನ್ಯ ಮಾತಿನ ವೇಗದಲ್ಲಿ ಹೇಳಬೇಕೆಂದು ಆಕೆ ತಡೆದಳು. ಬಿಡಿಸಿ ಬರೆದು ತೋರಿಸಿದ್ದರಲ್ಲಿ ಒಂದು ಪೂರ್ಣವಿರಾಮ ಬಿಟ್ಟುಹೋಗಿದೆ, ಒಂದು ಅಕ್ಷರ ಸ್ಪಷ್ಟವಾಗಿಲ್ಲ ಎಂದು ಆತ ಸಿಡುಕಿದ. ಡಿಕ್ಟೇಷನ್ ಕೊಡುವವರಲ್ಲಿ ಎರಡು ಜಾತಿ: ಮೊದಲ ದಿನ ಹೀಗೆ ವೇಗವಾಗಿ ಓದಿ ನಮ್ಮನ್ನು ಬೀಳಿಸಲು ನೋಡುವವರು ಒಂದು, ತಾವೇ ತಡವರಿಸಿ ಆಮೇಲೆ ನಮ್ಮ ಬರವಣಿಗೆ ತಪ್ಪೆನ್ನುವವರು ಇನ್ನೊಂದು. ದಾಸ್ತೋವ್‌ಸ್ಕಿ ಅಂದು ಎರಡೂ ಆಗಿದ್ದನೆಂದು ತೋರುತ್ತದೆ. ಹೇಳುವಾಗ ಆತ ಬಾಗಿಲಿನಿಂದ ಒಲೆಯವರೆಗೆ ಕೋಣೆಯುದ್ದಕ್ಕೂ ಅಡ್ಡಾಡುತ್ತಿದ್ದ, ಒಲೆಯ ಹತ್ತಿರ ಬಂದಾಗಲೆಲ್ಲ ಅದಕ್ಕೆ ಎರಡು ಸಲ ಬಡಿಯುತ್ತಿದ್ದ, ಸಿಗರೇಟನ್ನು ಮೇಲಿಂದ ಮೇಲೆ ಹಚ್ಚುತ್ತಿದ್ದ. ಇದನ್ನೆಲ್ಲ ನಮಗೆ ಉಳಿಸಿಕೊಟ್ಟವಳು ಆಕೆಯೇ.

ಮುಂದೆ ಕೆಲಸಕ್ಕೊಂದು ಕ್ರಮ ಬಂತು. ರಾತ್ರಿ ಆತ ಕರಡು ಮಾಡಿಕೊಳ್ಳುವುದು, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಡುನಡುವೆ ಬಿಡುವು ಕೊಟ್ಟು ಹೇಳಿ ಬರೆಸುವುದು, ಆಕೆ ಮನೆಗೆ ಹೋಗಿ ಅಂದೇ ರಾತ್ರಿ ಬಿಡಿಸಿ ಶುದ್ಧಪ್ರತಿ ಮಾಡುವುದು, ಮರುದಿನ ಆತ ಅದನ್ನು ತಿದ್ದುವುದು. ಅಂದೇ ರಾತ್ರಿ ಎಂಬುದನ್ನು ಓದುಗರು ಲಘುವಾಗಿ ಕಾಣಬಾರದು. ಪಿಟ್‌ಮನ್ ಕ್ರಮದಲ್ಲಿ ಕಲಿತ ನಾವು ವೇಗಕ್ಕಾಗಿ ಸ್ವರಚಿಹ್ನೆಗಳನ್ನು ಬಿಟ್ಟು ವ್ಯಂಜನದ ಗೆರೆಗಳನ್ನಷ್ಟೇ ಎಳೆದುಕೊಂಡಿರುತ್ತೇವೆ; ಕಿವಿಯಲ್ಲಿ ಮಾತಿನ ನೆನಪು ಇರುವವರೆಗೆ ಆ ಗೆರೆ ಮಾತಾಡುತ್ತದೆ, ನಾಲ್ಕು ದಿನ ಬಿಟ್ಟರೆ ನಮ್ಮ ಕೈಬರಹವೇ ನಮಗೆ ಅಪರಿಚಿತವಾಗುತ್ತದೆ. ಆಕೆಯ ಪದ್ಧತಿ ಬೇರೆಯಾದರೂ ಆಕೆಯ ಕಷ್ಟ ಇದಕ್ಕಿಂತ ಬೇರೆಯಾಗಿದ್ದಿರಲಾರದು. ಹೀಗೆ 26 ದಿನಗಳಲ್ಲಿ ‘ಜೂಜುಗಾರ’ ಎಂಬ ಕಾದಂಬರಿ ಮುಗಿಯಿತು. ನವೆಂಬರ್ 1ರಂದು ಹಸ್ತಪ್ರತಿ ಹಿಡಿದುಕೊಂಡು ಹೋದರೆ ಸ್ಟೆಲ್ಲೊವ್‌ಸ್ಕಿ ಊರಲ್ಲಿಲ್ಲ, ಅವನ ಕಚೇರಿಯವರು ತೆಗೆದುಕೊಳ್ಳಲು ಒಪ್ಪಲಿಲ್ಲ. ರಾತ್ರಿ ಪೊಲೀಸ್ ಠಾಣೆಯಲ್ಲಿ ಅದನ್ನು ಒಪ್ಪಿಸಿ ತಾರೀಕು ಸಮೇತ ರಸೀದಿ ಪಡೆದದ್ದರಿಂದ ದಾಸ್ತೋವ್‌ಸ್ಕಿ ಬಚಾವಾದ. ಕೋರ್ಟು ಕಚೇರಿ ಕಂಡವರಿಗೆ ಆ ರಸೀದಿಯ ಬೆಲೆ ಗೊತ್ತು. ಮರುವರ್ಷ ಫೆಬ್ರವರಿಯಲ್ಲಿ ಅವರಿಬ್ಬರ ಮದುವೆಯಾಯಿತು.

ಹೇಳಿ ಬರೆಸಿದ ಕಾದಂಬರಿ ಎಂಬುದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ನ್ಯಾಯಾಲಯಗಳಲ್ಲಿ ಬೈತಖೋಲದ ಮೀನುಗಾರನೊಬ್ಬ ಸಾಕ್ಷಿಕಟ್ಟೆಯಲ್ಲಿ ನಿಂತು ಕೊಂಕಣಿಯಲ್ಲಿ ಹೇಳುತ್ತಾನೆ; ಅದು ವಕೀಲರ ಬಾಯಲ್ಲಿ ಒಮ್ಮೆ ಹೊರಳಿ, ನ್ಯಾಯಾಧೀಶರ ಡಿಕ್ಟೇಷನ್‌ನಲ್ಲಿ ಇನ್ನೊಮ್ಮೆ ಹೊರಳಿ ನಮ್ಮ ಪುಸ್ತಕಕ್ಕೆ ಬರುವ ಹೊತ್ತಿಗೆ ‘ಸದರಿ ದಿನದಂದು ಆರೋಪಿಯನ್ನು ನೋಡಿರುತ್ತೇನೆ’ ಎಂದಾಗಿರುತ್ತದೆ. ಅಂಕೋಲೆಯ ಹಾಲಕ್ಕಿ ಹೆಂಗಸು ಹೇಳಿದ್ದೂ, ಸೊಪ್ಪಿನ ಬೆಟ್ಟದ ವ್ಯಾಜ್ಯಕ್ಕೆ ಬಂದ ಶಿರಸಿಯ ತೋಟಿಗರು ಹೇಳಿದ್ದೂ ಅದೇ ಅಚ್ಚಿನಲ್ಲಿ ಬೀಳುತ್ತದೆ. ಸಂಗತಿ ಉಳಿಯುತ್ತದೆ, ದನಿ ಹೋಗುತ್ತದೆ. ಕಾನೂನಿಗೆ ಅಷ್ಟು ಸಾಕು. ದಾಸ್ತೋವ್‌ಸ್ಕಿಯ ಪುಟಗಳಲ್ಲಿ ದನಿ ಹೋಗುವುದಿಲ್ಲ. ‘ಅಪರಾಧ ಮತ್ತು ಶಿಕ್ಷೆ’ಯ ಕುಡುಕ ಗುಮಾಸ್ತ ಮಾರ್ಮೆಲಾದೋವ್ ತನ್ನ ಮಾತಿಗೆ ತಾನೇ ಮರುಳಾಗುವುದು, ಒಬ್ಬನು ಹೇಳಹೊರಟದ್ದನ್ನು ನುಂಗಿ ಬೇರೊಂದು ಹೇಳುವುದು, ಒಂದೇ ಮಾತಿನಲ್ಲಿ ಬೇಡಿಕೆಯೂ ಬೆದರಿಕೆಯೂ ಬೆರೆತಿರುವುದು, ಇವೆಲ್ಲ ಬಾಯಲ್ಲಿ ಆಡಿ, ಕಿವಿಯಲ್ಲಿ ಕೇಳಿ ಬರೆದ ಬರವಣಿಗೆಯ ಲಕ್ಷಣಗಳು. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗಬೇಕು. ಸಮರ್ಥ ಅರ್ಥಧಾರಿಯೊಬ್ಬ ಕೌರವನ ಪಾತ್ರ ವಹಿಸಿದ ರಾತ್ರಿ ಕೃಷ್ಣನೇ ಉತ್ತರಕ್ಕೆ ತಡಕಾಡಬೇಕಾಗುತ್ತದೆ. ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ದೇವರ ನ್ಯಾಯವನ್ನು ಪ್ರಶ್ನಿಸುವ ಇವಾನ್‌ನಿಗೆ, ಸ್ವತಃ ಆಸ್ತಿಕನಾದ ಲೇಖಕ, ಅಂಥದೇ ಪೂರ್ಣ ಅವಕಾಶ ಕೊಟ್ಟ. ಆ ವಾದಕ್ಕೆ ಮುಂದಿನ ಕಂತಿನಲ್ಲಿ ಉತ್ತರ ಬರುತ್ತದೆಂದು ಮಾಸಪತ್ರಿಕೆಯವರಿಗೆ ಪತ್ರ ಬರೆದು ಸಮಾಧಾನ ಹೇಳಬೇಕಾಯಿತು. ಉತ್ತರ ಬಂತು, ಅದು ಇವಾನ್‌ನ ಪ್ರಶ್ನೆಯಷ್ಟು ಗಟ್ಟಿಯಾಗಿಲ್ಲವೆಂದೇ ನನ್ನ ಅನಿಸಿಕೆ.

ಅವಸರದಲ್ಲಿ ಬರೆದವನೆಂಬ ಮಾತೂ ಲೇಖನದಲ್ಲಿದೆ. ಅವಸರ ಇದ್ದದ್ದು ನಿಜ, ನಿರ್ಲಕ್ಷ್ಯ ಇರಲಿಲ್ಲ. 1865ರ ನವೆಂಬರ್ ಕೊನೆಗೆ, ಹಣಕ್ಕೆ ಪರದಾಡುತ್ತಿದ್ದಾಗಲೇ, ‘ಅಪರಾಧ ಮತ್ತು ಶಿಕ್ಷೆ’ಯ ಬರೆದಿದ್ದ ಭಾಗವನ್ನೆಲ್ಲ ಸುಟ್ಟುಹಾಕಿ ಹೊಸದಾಗಿ ತೊಡಗಿದ. ಕೊಲೆಗಾರನ ಬಾಯಲ್ಲೇ ಹೇಳಿಸಹೊರಟಿದ್ದ ಕತೆ ಆಮೇಲೆ ‘ಅವನು’ ಎಂದು ಹೊರಗಿನಿಂದ ಹೇಳುವ ನಿರೂಪಣೆಗೆ ತಿರುಗಿತು. 1867ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿದ್ದಾಗ ‘ಈಡಿಯಟ್’ ಕಾದಂಬರಿಗೂ ಅದೇ ಗತಿಯಾಯಿತು. ಮಾಸಪತ್ರಿಕೆಯಿಂದ ಮುಂಗಡ ತಿಂದಾಗಿತ್ತು, ಆದರೂ ಬರೆದದ್ದು ಸರಿಯಿಲ್ಲವೆಂದು ಎಸೆದು, ಬೇರೆ ಕತೆ ಹೂಡಿ, ಕೆಲವೇ ವಾರಗಳಲ್ಲಿ ಮೊದಲ ಅಧ್ಯಾಯಗಳನ್ನು ಕಳಿಸಿಕೊಟ್ಟ. ಆತನ ಟಿಪ್ಪಣಿ ಪುಸ್ತಕಗಳಲ್ಲಿ ಒಂದೇ ಪಾತ್ರಕ್ಕೆ ಹಲವು ಬಗೆಯ ಹಣೆಬರಹಗಳನ್ನು ಬರೆದು ಹೊಡೆದುಹಾಕಿದ್ದು ಕಾಣುತ್ತದೆ, ಅಂಚುಗಳಲ್ಲಿ ಮುಖಗಳನ್ನೂ ಚರ್ಚಿನ ಚೂಪು ಕಿಟಕಿಗಳನ್ನೂ ಗೀಚಿದ್ದು ಕಾಣುತ್ತದೆ.

ವಿದೇಶದ ನಾಲ್ಕು ವರ್ಷಗಳ ಬಗ್ಗೆ ತಮ್ಮ ಲೇಖಕರು ವಿವರವಾಗಿ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳಲು 1867ರ ಏಪ್ರಿಲ್‌ನಲ್ಲಿ ಹೊರಟ ಆ ಪ್ರಯಾಣದ ಖರ್ಚಿಗೆ ಅನ್ನಾ ತನ್ನ ಮದುವೆಯ ಪೀಠೋಪಕರಣಗಳನ್ನು ಅಡವಿಟ್ಟಳು. ಬಾಡೆನ್-ಬಾಡೆನ್‌ನಲ್ಲಿ ಗಂಡ ಆಕೆಯ ಒಡವೆಗಳನ್ನೂ ಬಟ್ಟೆಗಳನ್ನೂ ಅಡವಿಟ್ಟು ಆಡಿದ. 1868ರಲ್ಲಿ ಜಿನೀವಾದಲ್ಲಿ ಹುಟ್ಟಿದ ಮಗಳು ಸೋನ್ಯಾ ಮೂರು ತಿಂಗಳಿಗೆ ತೀರಿಕೊಂಡಳು. 1871ರ ಏಪ್ರಿಲ್‌ನಲ್ಲಿ ವೀಸ್‌ಬಾಡೆನ್‌ನಲ್ಲಿ ಕೊನೆಯ ಬಾರಿ ಸೋತ ಮೇಲೆ ಆತ ಜೂಜನ್ನು ಮತ್ತೆ ಮುಟ್ಟಲಿಲ್ಲ. ಈ ದಿನಗಳ ದಿನಚರಿಯನ್ನು ಅನ್ನಾ ಶೀಘ್ರಲಿಪಿಯಲ್ಲಿ, ಗಂಡನಿಗೂ ಓದಲಾಗದಂತೆ ಬರೆದಿಟ್ಟಳು. ಒಂದು ಭಾಗವನ್ನು ಮುಂದೆ ತಾನೇ ಬಿಡಿಸಿದಳು. ಉಳಿದದ್ದನ್ನು ಆಕೆ ಸತ್ತು ಎಷ್ಟೋ ದಶಕಗಳಾದ ಮೇಲೆ ಇನ್ನೊಬ್ಬ ಶೀಘ್ರಲಿಪಿಗಾರ್ತಿ ಬಹಳ ಕಷ್ಟಪಟ್ಟು ಓದಿ ತೆಗೆದಳು. ಒಬ್ಬರ ಗೆರೆಯನ್ನು ಇನ್ನೊಬ್ಬರು ಓದುವುದು ಎಂಥ ಕೆಲಸವೆಂದು ಬಲ್ಲ ನನಗೆ ಆ ಎರಡನೆಯ ಹೆಂಗಸಿನ ಮೇಲೆ ವಿಶೇಷ ಗೌರವ.

ಲೇಖನದಲ್ಲಿ ಪೂರಾ ಬಿಟ್ಟುಹೋಗಿರುವ ಅಧ್ಯಾಯವೆಂದರೆ ಅನ್ನಾ ನಡೆಸಿದ ಪ್ರಕಾಶನ. ಪೀಟರ್ಸ್‌ಬರ್ಗ್‌ಗೆ ಮರಳಿದ ಮೇಲೆ ಸಾಲದವರೊಂದಿಗೆ ಮಾತಾಡುವ ಹೊಣೆಯನ್ನು ಆಕೆ ಗಂಡನಿಂದ ಕಸಿದುಕೊಂಡಳು. 1873ರ ಜನವರಿಯಲ್ಲಿ ‘ದೆವ್ವಗಳು’ ಕಾದಂಬರಿಯನ್ನು ಪ್ರಕಾಶಕರ ಹಂಗಿಲ್ಲದೆ 3500 ಪ್ರತಿ ಅಚ್ಚುಹಾಕಿಸಿ, ಪತ್ರಿಕೆಗೆ ಜಾಹೀರಾತು ಕೊಟ್ಟು, ಮನೆಯ ಬಾಗಿಲಲ್ಲೇ ವ್ಯಾಪಾರಕ್ಕೆ ಕುಳಿತಳು. ಹೆಚ್ಚು ಪ್ರತಿ ಒಯ್ಯುವವರಿಗೆ ಹೆಚ್ಚು ರಿಯಾಯಿತಿ, ಉದ್ರಿ ಮಾತ್ರ ಇಲ್ಲ; ಮೊದಲ ದಿನವೇ ನೂರಕ್ಕೂ ಹೆಚ್ಚು ಪ್ರತಿ ಹೋದವು. ಗಂಡ ಸಾಯುವುದಕ್ಕೆ ಸುಮಾರು ಒಂದು ವರ್ಷ ಮುಂಚೆ ಹಳೆಯ ಸಾಲವೆಲ್ಲ ತೀರಿತು. ‘ಕರಮಜೋವ್ ಸಹೋದರರು’ ಕಾದಂಬರಿಯನ್ನು ಆತ ಒಂದಿಷ್ಟು ನೆಮ್ಮದಿಯಿಂದ, ಸ್ತಾರಾಯ ರುಸ್ಸಾ ಎಂಬ ಸಣ್ಣ ಊರಿನ ಸ್ವಂತ ಮನೆಯಲ್ಲಿ ಕುಳಿತು ಬರೆಯಲು ಸಾಧ್ಯವಾದದ್ದು ಈ ವ್ಯವಹಾರದಿಂದ. ಆತನ ಅತ್ಯಂತ ದೊಡ್ಡ ಕೃತಿ ಆತನ ಅತ್ಯಂತ ವ್ಯವಸ್ಥಿತ ವರ್ಷಗಳಲ್ಲಿ ಬಂದಿತೆಂಬುದನ್ನು ಸಂಕಟದ ಸಿದ್ಧಾಂತದವರು ಹೇಗೆ ವಿವರಿಸುತ್ತಾರೋ ತಿಳಿಯದು. ಆ ವರ್ಷಗಳಲ್ಲೂ ದುಃಖ ತಪ್ಪಲಿಲ್ಲ. 1878ರ ಮೇ ತಿಂಗಳಲ್ಲಿ ಮೂರು ವರ್ಷವೂ ತುಂಬದ ಮಗ ಅಲ್ಯೋಶಾ ಮೂರ್ಛೆ ಬಂದು ತೀರಿಕೊಂಡ. ಗಂಡನನ್ನು ಆಪ್ತೀನಾ ಮಠದ ಗುರುಗಳ ಬಳಿಗೆ ಯಾತ್ರೆಗೆ ಕಳಿಸುವ ಏರ್ಪಾಡು ಮಾಡಿದವಳೂ ಅನ್ನಾ. ಆ ಮಠವೂ, ಆ ಮಗುವಿನ ಹೆಸರೂ ಕಾದಂಬರಿಯಲ್ಲಿವೆ.

ನ್ಯಾಯಾಲಯದವನಾಗಿ ಇನ್ನೊಂದು ಮಾತು ಸೇರಿಸಲೇಬೇಕು. 1864ರ ನ್ಯಾಯಾಂಗ ಸುಧಾರಣೆಯ ನಂತರ ರಷ್ಯದಲ್ಲಿ ಜ್ಯೂರಿಯ ಮುಂದೆ ಬಹಿರಂಗ ವಿಚಾರಣೆಗಳು ಶುರುವಾದವು. ದಾಸ್ತೋವ್‌ಸ್ಕಿ ಪತ್ರಿಕೆಗಳಲ್ಲಿ ಬರುತ್ತಿದ್ದ ಆ ವರದಿಗಳನ್ನು ಬಿಡದೆ ಓದುತ್ತಿದ್ದ. 1876ರಲ್ಲಿ ಕೊರ್ನಿಲೋವಾ ಎಂಬ ಬಸುರಿ ಹೆಂಗಸು ಮಲಮಗಳನ್ನು ಮಹಡಿಯ ಕಿಟಕಿಯಿಂದ ಹೊರಗೆಸೆದಳು. ಮಗು ಬದುಕಿತು, ಮಲತಾಯಿಗೆ ಸೈಬೀರಿಯಾದ ಶಿಕ್ಷೆಯಾಯಿತು. ಬಸಿರಿನ ಸಮಯದ ಮನಃಸ್ಥಿತಿಯನ್ನು ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ದಾಸ್ತೋವ್‌ಸ್ಕಿ ತಾನೇ ಹೊರಡಿಸುತ್ತಿದ್ದ ‘ಲೇಖಕನ ದಿನಚರಿ’ ಪತ್ರಿಕೆಯಲ್ಲಿ ಬರೆದ, ಸೆರೆಮನೆಗೆ ಹೋಗಿ ಆಕೆಯನ್ನು ಕಂಡ. ಮರುವಿಚಾರಣೆ ನಡೆದು 1877ರ ಏಪ್ರಿಲ್‌ನಲ್ಲಿ ಆಕೆಯ ಬಿಡುಗಡೆಯಾಯಿತು. ಓಮ್‌ಸ್ಕ್‌ನಲ್ಲಿ ತಂದೆಯನ್ನು ಕೊಂದ ಆರೋಪದ ಮೇಲೆ ಸೆರೆಯಲ್ಲಿದ್ದ ಸಹಕೈದಿಯೊಬ್ಬ ನಿರಪರಾಧಿಯೆಂದು ಎಷ್ಟೋ ವರ್ಷಗಳ ಮೇಲೆ ತಿಳಿದ ಸಂಗತಿಯನ್ನು ಆತ ಮರೆಯಲಿಲ್ಲ. ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ತಂದೆಯ ಕೊಲೆಯ ಆರೋಪ ಹೊತ್ತ ಮಿತ್ಯಾನ ವಿಚಾರಣೆಯ ಬೇರು ಅಲ್ಲಿದೆ. ಸಾಕ್ಷಿ, ಪಾಟೀಸವಾಲು, ಎರಡೂ ಕಡೆಯ ವಾದ, ಎಲ್ಲ ಕ್ರಮಬದ್ಧವಾಗಿ ನಡೆದೂ ತೀರ್ಪು ತಪ್ಪಾಗುವ ಆ ಅಧ್ಯಾಯಗಳನ್ನು ಎಳೆಯ ವಕೀಲರು ಒಮ್ಮೆಯಾದರೂ ಓದಬೇಕು.

ಇಷ್ಟು ಹೊಗಳಿದ ಮೇಲೆ ಅದೇ ದಿನಚರಿಯ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ, ಲೇಖನವಂತೂ ಅದನ್ನು ಮುಟ್ಟಿಯೇ ಇಲ್ಲ. 1877ರ ಮಾರ್ಚ್ ಸಂಚಿಕೆಯಲ್ಲಿ ಯಹೂದಿಗಳ ಬಗ್ಗೆ ಆತ ಬರೆದದ್ದು ಹಗೆಯಿಂದ ತುಂಬಿದ ಬರಹ, ಟರ್ಕಿಯ ಮೇಲಿನ ಯುದ್ಧವನ್ನು ಕೊಂಡಾಡಿದ್ದೂ ಅದೇ ಲೇಖನಿ. ಕೊಲೆಗಾರನೊಳಗೂ ಮನುಷ್ಯನನ್ನು ಕಂಡ ಕಣ್ಣಿಗೆ ಇಡೀ ಒಂದು ಜನಾಂಗ ಮನುಷ್ಯರಾಗಿ ಕಾಣದೇ ಹೋಯಿತು. ಕಷ್ಟ ಮನುಷ್ಯನನ್ನು ಉದಾರಿಯನ್ನಾಗಿ ಮಾಡಿಯೇ ಮಾಡುತ್ತದೆ ಎಂದು ನಂಬುವವರು ಆ ಪುಟಗಳನ್ನೂ ಓದಿ ನೋಡಬೇಕು.

ಕೊನೆಗೆ ಒಂದು ವಿನಂತಿ. 1881ರ ಜನವರಿಯಲ್ಲಿ ದಾಸ್ತೋವ್‌ಸ್ಕಿ ತೀರಿಕೊಂಡಾಗ ಅನ್ನಾಗೆ ಮೂವತ್ತೈದೂ ತುಂಬಿರಲಿಲ್ಲ. ಆಕೆ ಮರುಮದುವೆಯಾಗಲಿಲ್ಲ, ಗಂಡನ ಸಮಗ್ರ ಕೃತಿಗಳನ್ನು ಮತ್ತೆ ಮತ್ತೆ ಅಚ್ಚುಹಾಕಿಸಿದಳು, ಸ್ತಾರಾಯ ರುಸ್ಸಾದಲ್ಲಿ ಆತನ ಹೆಸರಿನ ಶಾಲೆ ನಡೆಸಿದಳು, ಹಸ್ತಪ್ರತಿಗಳನ್ನು ಕಾದಿಟ್ಟಳು, 1918ರಲ್ಲಿ ಯಾಲ್ಟಾದಲ್ಲಿ ಕಣ್ಣುಮುಚ್ಚಿದಳು. ಆಕೆಯ ನೆನಪುಗಳು 1925ರಲ್ಲಿ ಪುಸ್ತಕವಾಗಿ ಬಂದವು, ಬೇರೆ ಭಾಷೆಗಳಲ್ಲೂ ಸಿಗುತ್ತವೆ. ತಮ್ಮ ಪುರವಣಿಯಲ್ಲಿ ವಾರಕ್ಕೆ ಒಂದು ಪುಟದಂತೆ ಆ ನೆನಪುಗಳ ಆಯ್ದ ಭಾಗಗಳನ್ನು, ಬಲ್ಲವರಿಂದ ಕನ್ನಡಕ್ಕೆ ತರಿಸಿ, ಧಾರಾವಾಹಿಯಾಗಿ ಪ್ರಕಟಿಸಬಹುದೇ? ಅಕ್ಟೋಬರ್ 4ರ ಆ ಮೊದಲ ದಿನದ ಅಧ್ಯಾಯದಿಂದಲೇ ಶುರುಮಾಡಿದರೆ ಒಳ್ಳೆಯದು.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶೀಘ್ರಲಿಪಿಗಾರ
ಕಾರವಾರ